ಹೂತ ಗುಡಾಣಗಳ ಊರಿಗೆ ಒಂದು ದಿನ: ಕಖೇತಿಯ ಸಾವಯವ ವೈನ್ ಮನೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಣ್ಣನ ಮಗಳು ವೈದ್ಯಕೀಯ ಓದಲೆಂದು ಜಾರ್ಜಿಯಾದ ರಾಜಧಾನಿ ಟಿಬಿಲಿಸಿಗೆ ಹೊರಟಾಗ ಆ ಊರು ಭೂಪಟದಲ್ಲಿ ಎಲ್ಲಿದೆಯೆಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವಳ ಓದು ಮುಗಿಯುವಷ್ಟರಲ್ಲಿ ನಾನು ಮೂರು ಸಲ ಹೋಗಿ ಬಂದೆ. ಪ್ರತಿ ಸಲವೂ ಒಂದು ದಿನವನ್ನು ಕಖೇತಿ ಪ್ರಾಂತ್ಯದ ವೈನ್ ಮನೆಗಳಿಗೆ ಮೀಸಲಿಟ್ಟೆ. ಮೂರನೆಯ ಸಲ ದಾವಣಗೆರೆಯ ಒಂಬತ್ತು ಜನ ಜೊತೆಗಿದ್ದರು. ಅಂದಿನಿಂದ ಕುಂದವಾಡ ಕೆರೆ ಏರಿಯ ಬೆಳಗಿನ ನಡಿಗೆಯಲ್ಲಿರಲಿ, ಮದುವೆ ಮನೆಯ ಪಂಕ್ತಿಯಲ್ಲಿರಲಿ, ಅವವೇ ಪ್ರಶ್ನೆಗಳು. ಚನ್ನಗಿರಿ, ಜಗಳೂರುಗಳಿಂದ ಕಾಗದಗಳೂ ಬಂದಿವೆ. ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಮೂರು ದಶಕ ರಸಾಯನಶಾಸ್ತ್ರದ ಪಾಠ ಮಾಡಿದವಳು ನಾನು. ಕೆಲವು ಉತ್ತರಗಳು ಉದ್ದವಾಗಿದ್ದರೆ ಆ ಅಭ್ಯಾಸವೇ ಕಾರಣ.

## ಹೊರಡುವ ಮುನ್ನ

ಜಾರ್ಜಿಯಾ ಅಮೆರಿಕದಲ್ಲಿದೆಯಲ್ಲವೇ?

ಆ ಹೆಸರಿನ ರಾಜ್ಯ ಅಮೆರಿಕದಲ್ಲಿದೆ. ನಾನು ಹೇಳುತ್ತಿರುವುದು ಕಾಕಸಸ್ ಪರ್ವತಗಳ ದಕ್ಷಿಣದ ದೇಶ. ಪಶ್ಚಿಮಕ್ಕೆ ಕಪ್ಪು ಸಮುದ್ರ, ಉತ್ತರಕ್ಕೆ ರಷ್ಯಾ, ದಕ್ಷಿಣಕ್ಕೆ ಟರ್ಕಿ ಮತ್ತು ಅರ್ಮೇನಿಯಾ. ನಮ್ಮ ಗಡಿಯಾರಕ್ಕಿಂತ ಒಂದೂವರೆ ಗಂಟೆ ಹಿಂದೆ. ಅಲ್ಲಿಯ ಅಕ್ಷರಗಳು 33, ಎಲ್ಲವೂ ದುಂಡು ದುಂಡು. ಮೊದಲ ದಿನ ಅಂಗಡಿಯ ಫಲಕಗಳನ್ನು ನೋಡಿದಾಗ ಕನ್ನಡ ಓದಲು ಮರೆತುಹೋಯಿತೇನೋ ಎಂದು ಗಾಬರಿಯಾಯಿತು. ಇನ್ನೊಂದು ಎಚ್ಚರಿಕೆ: ಅವರ ಭಾಷೆಯಲ್ಲಿ ‘ಮಾಮ’ ಎಂದರೆ ಅಪ್ಪ, ‘ದೇದ’ ಎಂದರೆ ಅಮ್ಮ.

ವೈನ್ ನೋಡಲು ಅಷ್ಟು ದೂರ ಏಕೆ? ನಂದಿ ಬೆಟ್ಟದ ಬುಡದಲ್ಲೇ ದ್ರಾಕ್ಷಿ ತೋಟಗಳಿವೆಯಲ್ಲ?

ಇವೆ, ಚೆನ್ನಾಗಿಯೂ ಇವೆ. ಬರೀ ವೈನ್ ರುಚಿ ನೋಡುವ ಆಸೆಯಿದ್ದರೆ ಅಲ್ಲಿಗೇ ಹೋಗಿ, ವಿಮಾನದ ದುಡ್ಡು ಉಳಿಯುತ್ತದೆ. ಆದರೆ ಅಲ್ಲಿ ಕಾಣುವುದು ಯುರೋಪಿನಿಂದ ಬಂದ ಪದ್ಧತಿ: ಉಕ್ಕಿನ ತೊಟ್ಟಿ, ತಂಪುಗೊಳಿಸುವ ಯಂತ್ರ, ಓಕ್ ಮರದ ಪೀಪಾಯಿ.

ಕಖೇತಿಯಲ್ಲಿ ನೋಡಬೇಕಾದದ್ದು ನೆಲದಲ್ಲಿ ಕತ್ತಿನವರೆಗೆ ಹೂತ ಮಣ್ಣಿನ ಗುಡಾಣ. ಅದನ್ನು ಕ್ವೆವ್ರಿ ಎನ್ನುತ್ತಾರೆ. ಅದಿರುವ ಕೋಣೆ ಮರಾನಿ. ನಮ್ಮ ಹಳ್ಳಿಗಳಲ್ಲಿ ಜೋಳ ತುಂಬಿಡುತ್ತಿದ್ದ ಹಗೇವು ಕಂಡವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ: ಬಾಯಿಯೊಂದೇ ಮೇಲೆ, ಹೊಟ್ಟೆಯೆಲ್ಲ ಕೆಳಗೆ, ಮೇಲೊಂದು ಕಲ್ಲು, ಸುತ್ತ ಮೆತ್ತಿದ ಮಣ್ಣು. ಚಿತ್ರದುರ್ಗದ ಕೋಟೆಯಲ್ಲಿ ಎಣ್ಣೆ ಕೊಳವನ್ನು ಇಣುಕಿ ನೋಡಿದವರಿಗೂ ಅಷ್ಟೇ. ಬೆಲೆಬಾಳುವುದನ್ನು ನೆಲದ ತಂಪಿಗೆ ಒಪ್ಪಿಸುವ ಬುದ್ಧಿ ಎರಡೂ ಕಡೆ ಒಂದೇ.

ಟಿಬಿಲಿಸಿಯಿಂದ ಸುಮಾರು 50 ಕಿಲೋಮೀಟರ್ ದಕ್ಷಿಣದಲ್ಲಿ ಸಿಕ್ಕ ನವಶಿಲಾಯುಗದ ಮಡಕೆ ಚೂರುಗಳಲ್ಲಿ ದ್ರಾಕ್ಷಿಯ ಟಾರ್ಟಾರಿಕ್ ಆಮ್ಲದ ಗುರುತಿದೆಯೆಂದು 2017ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅವು ಕ್ರಿ.ಪೂ. 6000ದ ಆಸುಪಾಸಿನವು. ಕ್ವೆವ್ರಿ ಪದ್ಧತಿ 2013ರಲ್ಲಿ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿ ಸೇರಿತು.

ಒಂದೇ ದಿನದಲ್ಲಿ ಮುಗಿಯುತ್ತದೆಯೇ? ದಾರಿ ಯಾವುದು?

ಬೆಳಗ್ಗೆ ಒಂಬತ್ತಕ್ಕೆ ಟಿಬಿಲಿಸಿ ಬಿಟ್ಟರೆ ರಾತ್ರಿ ಎಂಟರ ಹೊತ್ತಿಗೆ ಮರಳಬಹುದು. ದಾರಿ ಎರಡಿವೆ. ಒಂದು ಗೊಂಬೋರಿ ಕಣಿವೆದಾರಿಯಿಂದ ಬೆಟ್ಟ ಹತ್ತಿಳಿದು ತೆಲಾವಿ ಊರಿಗೆ. ದೂರ ಕಡಿಮೆ, ತಿರುವು ಹೆಚ್ಚು. ಆಗುಂಬೆ ಘಾಟಿಯಲ್ಲಿ ವಾಂತಿ ಮಾಡುವವರು ಮುಂದಿನ ಸೀಟು ಹಿಡಿಯಲಿ. ಇನ್ನೊಂದು ಬಯಲಿನ ಹೆದ್ದಾರಿಯಲ್ಲಿ ಸಿಗ್ನಾಗಿಗೆ, ಸುಮಾರು 110 ಕಿಲೋಮೀಟರ್. ಸಿಗ್ನಾಗಿ ಹದಿನೆಂಟನೆಯ ಶತಮಾನದ ಕೋಟೆಗೋಡೆಯ ಪುಟ್ಟ ಊರು. ಗೋಡೆಯ ಮೇಲೆ ನಿಂತರೆ ಕೆಳಗೆ ಅಲಾಜಾನಿ ನದಿಯ ಬಯಲು, ಆಚೆಗೆ ಹಿಮ ಹೊತ್ತ ಕಾಕಸಸ್.

ನನ್ನ ಆಯ್ಕೆ: ಹೋಗುವಾಗ ಗೊಂಬೋರಿ, ತೆಲಾವಿಯ ಬಳಿ ಮೊದಲ ವೈನ್ ಮನೆ ಮತ್ತು ಊಟ, ಮಧ್ಯಾಹ್ನ ಎರಡನೆಯದು, ಸಂಜೆ ಬೆಳಕಿನಲ್ಲಿ ಸಿಗ್ನಾಗಿ, ಹೆದ್ದಾರಿಯಲ್ಲಿ ವಾಪಸು. ಚಳಿಗಾಲದಲ್ಲಿ ಗೊಂಬೋರಿಯ ಮೇಲೆ ಹಿಮ ಬೀಳುತ್ತದೆ, ಆಗ ಎರಡೂ ಸಲ ಹೆದ್ದಾರಿಯೇ ಸರಿ.

ಯಾವ ತಿಂಗಳು ಒಳ್ಳೆಯದು?

ಸೆಪ್ಟೆಂಬರ್ ಎರಡನೆಯ ವಾರದಿಂದ ಅಕ್ಟೋಬರ್ ಮಧ್ಯದವರೆಗೆ ದ್ರಾಕ್ಷಿಯ ಸುಗ್ಗಿ. ಅದಕ್ಕೆ ‘ರ್‌ತ್ವೆಲಿ’ ಎಂಬ ಹೆಸರಿದೆ. ನೆಂಟರು, ನೆರೆಯವರು ಎಲ್ಲರೂ ಬುಟ್ಟಿ ಹಿಡಿದು ತೋಟಕ್ಕೆ ಇಳಿಯುತ್ತಾರೆ. ಬಂದ ಅತಿಥಿಯ ಕೈಗೂ ಕತ್ತರಿ ಬರುತ್ತದೆ. ಎಲ್ಲರೂ ಹೇಳುವುದು ಈ ಕಾಲವನ್ನೇ.

ನನಗೆ ಹೆಚ್ಚು ಹಿಡಿಸಿದ್ದು ಏಪ್ರಿಲ್. ಚಳಿಗಾಲವಿಡೀ ಮುಚ್ಚಿದ್ದ ಗುಡಾಣಗಳ ಬಾಯಿ ತೆರೆಯುವುದು ವಸಂತದಲ್ಲಿ. ಸುಗ್ಗಿಯಲ್ಲಿ ಮನೆಯವರಿಗೆ ನಿಮ್ಮೊಡನೆ ಮಾತನಾಡಲು ಪುರುಸೊತ್ತಿರುವುದಿಲ್ಲ, ಏಪ್ರಿಲ್‌ನಲ್ಲಿ ಇರುತ್ತದೆ.

ಗೈಡ್ ಏಕೆ ಬೇಕು? ನಾವೇ ಕಾರು ಬಾಡಿಗೆಗೆ ಹಿಡಿದು ಹೋಗಬಾರದೇ?

ಮೂರು ಕಾರಣಕ್ಕೆ ಬೇಡ ಎನ್ನುತ್ತೇನೆ. ಅಲ್ಲಿ ವಾಹನಗಳು ರಸ್ತೆಯ ಬಲಗಡೆ ಓಡುತ್ತವೆ. ವೈನ್ ರುಚಿ ನೋಡಿದ ಮೇಲೆ ಒಂದು ಗುಟುಕಾದರೂ ಸರಿ, ಸ್ಟೀರಿಂಗ್ ಹಿಡಿಯಬಾರದು. ಮೂರನೆಯದು ದೊಡ್ಡ ಕಾರಣ: ಸಣ್ಣ ವೈನ್ ಮನೆಗಳ ಹಿರಿಯರು ಜಾರ್ಜಿಯನ್, ಹೆಚ್ಚೆಂದರೆ ರಷ್ಯನ್ ಮಾತನಾಡುತ್ತಾರೆ. ಭಾಷಾಂತರ ಮಾಡುವವರಿಲ್ಲದಿದ್ದರೆ ಮಡಕೆ ನೋಡಿ, ತಲೆಯಾಡಿಸಿ, ಫೋಟೊ ಹೊಡೆದು ಬರುತ್ತೀರಿ.

ಗೈಡ್ ಆರಿಸುವಾಗ ನಾನು ಕೇಳುವ ಪ್ರಶ್ನೆ ಒಂದೇ: “ಈ ಮನೆಯವರು ಯಾವ ಊರಿನ ದ್ರಾಕ್ಷಿ ಬಳಸುತ್ತಾರೆ?” ತಡವರಿಸದೆ ಉತ್ತರ ಹೇಳಿದವರನ್ನು ಹಿಡಿಯಿರಿ.

ಐದು ವೈನ್ ಮನೆ ತೋರಿಸುತ್ತೇವೆ ಎನ್ನುತ್ತಾರೆ. ಅದೇ ಲಾಭವಲ್ಲವೇ?

ಮೊದಲ ಸಲ ನಾನೂ ಹಾಗೆಯೇ ಲೆಕ್ಕ ಹಾಕಿದ್ದೆ. ಐದು ಮನೆ, ಪ್ರತಿ ಮನೆಯಲ್ಲಿ ನಾಲ್ಕೈದು ಬಗೆ. ಮೂರನೆಯ ಮನೆಯ ಹೊತ್ತಿಗೆ ನಾಲಗೆ ಸತ್ತಿತ್ತು. ನಾಲ್ಕನೆಯದರಲ್ಲಿ ಬಸ್ಸಿನ ಅರ್ಧ ಜನ ಕೆಳಗೆ ಇಳಿಯಲೇ ಇಲ್ಲ. ಐದನೆಯದು ರಸ್ತೆ ಬದಿಯ ಮಳಿಗೆ. ಮಡಕೆಗಳಿದ್ದವು, ಆದರೆ ಸಿಮೆಂಟಿನಲ್ಲಿ ಕೂರಿಸಿದ ಅಲಂಕಾರದವು, ಒಳಗೆ ಒಣ ಎಲೆ. ಚಾಲಕನಿಗೆ ಅಲ್ಲಿ ಕಮಿಷನ್ ಇತ್ತೆಂದು ಆಮೇಲೆ ತಿಳಿಯಿತು.

ಒಂದು ದಿನಕ್ಕೆ ಎರಡು ಮನೆ, ಒಂದು ಊಟ. ಇದಕ್ಕಿಂತ ಹೆಚ್ಚು ಸೇರಿಸಬೇಡಿ. ಒಂದು ಮನೆ ತೀರಾ ಸಣ್ಣದಾಗಿರಲಿ, ಅಜ್ಜನೋ ಮೊಮ್ಮಗಳೋ ಸ್ವತಃ ಮಾಡುವಂಥದ್ದು. ಇನ್ನೊಂದು ಸ್ವಲ್ಪ ದೊಡ್ಡದಿರಲಿ, ಬಾಟಲಿ ತುಂಬುವ ಕೋಣೆಯೂ ಇರುವಂಥದ್ದು. ಪಕ್ಕಪಕ್ಕದಲ್ಲಿ ನೋಡಿದಾಗಲೇ ವ್ಯತ್ಯಾಸ ತಿಳಿಯುವುದು.

ಖರ್ಚು?

ಅಲ್ಲಿಯ ನಾಣ್ಯದ ಹೆಸರು ಲಾರಿ. (“ಹತ್ತು ಲಾರಿ ಕೊಟ್ಟೆ” ಎಂದಾಗ ನಮ್ಮ ಬೀಗರು ಬೆಚ್ಚಿಬಿದ್ದಿದ್ದರು.) ದರ ಋತುವಿಗೆ ತಕ್ಕಂತೆ ಬದಲಾಗುವುದರಿಂದ ಅಂಕಿ ಬರೆದು ಪ್ರಯೋಜನವಿಲ್ಲ. ಮುಂಗಡ ಕೊಡುವ ಮುನ್ನ ಊಟ ಸೇರಿದೆಯೇ, ರುಚಿ ನೋಡುವ ಶುಲ್ಕ ಪ್ರತ್ಯೇಕವೇ, ಕುಡಿಯದವರಿಗೂ ಅದೇ ದರವೇ ಎಂದು ಕೇಳಿಕೊಳ್ಳಿ. ಕೊನೆಯ ಪ್ರಶ್ನೆ ಕೇಳಿದ್ದರಿಂದ ನಮ್ಮ ಗುಂಪಿನ ನಾಲ್ವರಿಗೆ ಕಡಿಮೆಯಾಯಿತು.

## ಊಟ, ಬಟ್ಟೆ, ನಡವಳಿಕೆ

ನಮ್ಮ ಮನೆಯಲ್ಲಿ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಉಪವಾಸ ಇರಬೇಕಾಗುತ್ತದೆಯೇ?

ಉಪವಾಸದ ಮಾತೇ ನಿಮ್ಮನ್ನು ಕಾಪಾಡುತ್ತದೆ. ಜಾರ್ಜಿಯಾದ ಆರ್ಥೊಡಾಕ್ಸ್ ಕ್ರೈಸ್ತರು ವರ್ಷದಲ್ಲಿ ಬಹಳ ದಿನ ಮಾಂಸ, ಮೊಟ್ಟೆ, ಹಾಲು ಬಿಟ್ಟು ವ್ರತ ಹಿಡಿಯುತ್ತಾರೆ. ಆ ಊಟಕ್ಕೆ ‘ಸಮಾರ್ಖ್ವೊ’ ಎನ್ನುತ್ತಾರೆ. ಈ ಒಂದು ಪದವನ್ನು ಬಾಯಿಪಾಠ ಮಾಡಿ. ‘ವೆಜಿಟೇರಿಯನ್’ ಎಂದರೆ ಕೋಳಿ ತಂದಿಡುವವರು ಉಂಟು, ‘ಸಮಾರ್ಖ್ವೊ’ ಎಂದರೆ ಅಡುಗೆಮನೆಯ ಅಜ್ಜಿಗೆ ತಕ್ಷಣ ತಿಳಿಯುತ್ತದೆ.

ಬರುವುದೇನು? ಮಣ್ಣಿನ ಕುಡಿಕೆಯಲ್ಲಿ ಬೆಂದ ಹುರುಳಿಕಾಯಿ ಜಾತಿಯ ಕಾಳು, ಅದು ಲೋಬಿಯೊ. ಬದನೆಕಾಯಿ ಹೋಳಿಗೆ ಅರೆದ ಆಕ್ರೋಟು, ಬೆಳ್ಳುಳ್ಳಿ ತುಂಬಿ ಸುತ್ತಿದ ಬದ್ರಿಜಾನಿ. ನಮ್ಮ ಎಣ್ಣೆಗಾಯಿಯ ದೂರದ ದಾಯಾದಿ, ಶೇಂಗಾ ಬದಲು ಆಕ್ರೋಟು ಅಷ್ಟೇ. ಸೊಪ್ಪು ಬೇಯಿಸಿ ಆಕ್ರೋಟಿನೊಡನೆ ಉಂಡೆ ಕಟ್ಟಿದ ಪ್ಖಾಲಿ. ಕೊತ್ತಂಬರಿ ಎಲ್ಲದರಲ್ಲೂ ಇರುತ್ತದೆ, ಮೆಂತ್ಯದ ನಂಟಿನ ಒಂದು ಮಸಾಲೆಯೂ ಇರುತ್ತದೆ. ಜೊತೆಗೆ ಮ್ಚಾದಿ, ಅಂದರೆ ಮೆಕ್ಕೆಜೋಳದ ದಪ್ಪ ರೊಟ್ಟಿ. ನಮ್ಮ ಜಿಲ್ಲೆಯಲ್ಲಿ ಲೋಡುಗಟ್ಟಲೆ ಮೆಕ್ಕೆಜೋಳ ಬೆಳೆದು ಕೋಳಿ ಮೇವಿಗೆ ಕಳಿಸುತ್ತೇವೆ; ಅದರಲ್ಲಿ ಇಷ್ಟು ರುಚಿಯಿದೆಯೆಂದು ತಿಳಿಯಲು ನಾಲ್ಕು ಸಾವಿರ ಕಿಲೋಮೀಟರ್ ಹೋಗಬೇಕಾಯಿತು.

ಖಚಾಪುರಿ ಎಂಬ ಚೀಸ್ ರೊಟ್ಟಿಯ ಬಗ್ಗೆ ಮಾತ್ರ ಎಚ್ಚರ. ದೋಣಿಯಾಕಾರದ್ದರ ಮೇಲೆ ಮೊಟ್ಟೆ ಒಡೆದು ಹಾಕಿರುತ್ತಾರೆ, ಉಳಿದವುಗಳ ಹಿಟ್ಟಿನಲ್ಲೂ ಮೊಟ್ಟೆ ಇರಬಹುದು. ಚೀಸ್ ಹೆಪ್ಪುಗಟ್ಟಿಸಲು ಪ್ರಾಣಿಮೂಲದ ರೆನೆಟ್ ಬಳಸುವುದುಂಟು. ಕಟ್ಟುನಿಟ್ಟಿನವರು ಬಿಡುವುದೇ ಕ್ಷೇಮ. ಚಟ್ನಿಪುಡಿ ಒಯ್ಯಿರಿ, ಮ್ಚಾದಿಗೆ ಸೊಗಸಾಗಿ ಹೊಂದುತ್ತದೆ.

ನಾನು ಕುಡಿಯುವುದೇ ಇಲ್ಲ. ನನಗೆ ಅಲ್ಲೇನು ಕೆಲಸ?

ನನ್ನ ಯಜಮಾನರೂ ಮುಟ್ಟುವವರಲ್ಲ. ಮೂರು ಸಲದ ಪ್ರವಾಸದಲ್ಲಿ ಅತಿ ಹೆಚ್ಚು ಪ್ರಶ್ನೆ ಕೇಳಿದವರು ಅವರೇ, ಅತಿ ಹೆಚ್ಚು ನೆನಪಿಟ್ಟುಕೊಂಡವರೂ ಅವರೇ. ತೆಲಾವಿಯ ಹತ್ತಿರದ ವಾರ್ದಿಸುಬಾನಿಯಲ್ಲಿ ಕ್ವೆವ್ರಿ ಮಾಡುವ ಕುಂಬಾರರಿದ್ದಾರೆ. ಆಳೆತ್ತರ ಮೀರಿದ ಗುಡಾಣಕ್ಕೆ ತಿಗರಿ ಇಲ್ಲ. ಜೇಡಿಯನ್ನು ಹಗ್ಗದಂತೆ ಹೊಸೆದು ಸುತ್ತು ಸುತ್ತಾಗಿ ಕೂರಿಸುತ್ತಾ, ಒಂದು ಸುತ್ತು ಬಿಗಿದ ಮೇಲೆ ಇನ್ನೊಂದು ಏರಿಸುತ್ತಾ ವಾರಗಟ್ಟಲೆ ಕಟ್ಟುತ್ತಾರೆ. ಆಮೇಲೆ ಸುಮಾರು 1000 ಡಿಗ್ರಿ ಶಾಖದಲ್ಲಿ ಸುಡುತ್ತಾರೆ. ಇದಕ್ಕೆ ಕುಡಿಯಲೇಬೇಕೆಂಬ ನಿಯಮವೇನಿಲ್ಲ.

ಬಾಯಿಗೆ ಬೇಕೆಂದರೆ ತಾರ್ಖುನಾ ಎಂಬ ಕಡುಹಸಿರು ಸೋಡಾ ಸಿಗುತ್ತದೆ. ಬಣ್ಣ ನೋಡಿ ಹಿಂಜರಿಯಬೇಡಿ.

ಮನೆಯವರು ಎತ್ತಿಕೊಟ್ಟಾಗ ಬೇಡ ಎಂದರೆ ಅವಮಾನವಾಗುವುದಿಲ್ಲವೇ?

ಇಲ್ಲ, ಕ್ರಮ ತಿಳಿದಿದ್ದರೆ. ಔತಣಕ್ಕೆ ‘ಸುಪ್ರಾ’ ಎಂದು ಹೆಸರು. ಅದಕ್ಕೊಬ್ಬ ಯಜಮಾನನಿರುತ್ತಾನೆ, ‘ತಮಾದಾ’. ಪ್ರತಿ ಸಲ ಬಟ್ಟಲು ಎತ್ತುವ ಮುನ್ನ ಅವನು ಮಾತನಾಡುತ್ತಾನೆ: ದೇವರಿಗೆ, ಶಾಂತಿಗೆ, ತೀರಿಹೋದ ಹಿರಿಯರಿಗೆ, ಮಕ್ಕಳಿಗೆ, ಬಂದ ಅತಿಥಿಗಳಿಗೆ. ಮಾತು ಮುಗಿಯುವ ಮೊದಲು ಕುಡಿದರೆ ಅದು ಅಸಭ್ಯತೆ. ಎಲ್ಲರೂ ‘ಗೌಮಾರ್ಜೋಸ್’ ಎಂದ ಮೇಲೆ ತುಟಿಗೆ ತಾಗಿಸಿ ಕೆಳಗಿಟ್ಟರೆ ಯಾರೂ ಲೆಕ್ಕ ಇಡುವುದಿಲ್ಲ. ಅವರು ಗಮನಿಸುವುದು ನೀವು ಮಾತು ಕೇಳಿದಿರೋ ಇಲ್ಲವೋ ಎಂಬುದನ್ನು. ನಮ್ಮ ಯಜಮಾನರ ಸರದಿ ಬಂದಾಗ ಹಸಿರು ಸೋಡಾ ಎತ್ತಿ, ಕನ್ನಡದಲ್ಲೇ ಒಂದು ವಚನ ಹೇಳಿದರು. ಗೈಡ್ ಅದನ್ನು ಹೇಗೆ ಭಾಷಾಂತರಿಸಿದಳೋ, ಆ ಮನೆಯ ಅಜ್ಜ ಎದ್ದು ಬಂದು ಅಪ್ಪಿಕೊಂಡ.

ಚಾಚಾ ಎಂದು ಏನೋ ಕೊಡುತ್ತಾರಂತೆ?

ವೈನ್ ತೆಗೆದ ಮೇಲೆ ಉಳಿಯುವ ಸಿಪ್ಪೆ, ಬೀಜ, ತೊಟ್ಟಿನ ಗಷ್ಟಿಗೆ ಚಾಚಾ ಎನ್ನುತ್ತಾರೆ. ಅದನ್ನು ಭಟ್ಟಿ ಇಳಿಸಿದ ಸಾರಾಯಿಗೂ ಅದೇ ಹೆಸರು. ವೈನಿನಲ್ಲಿ ಶೇಕಡಾ 12–14 ಮದ್ಯಸಾರವಿದ್ದರೆ ಇದರಲ್ಲಿ 40ಕ್ಕಿಂತ ಕಡಿಮೆ ಇರುವುದಿಲ್ಲ, ಮನೆಯಲ್ಲಿ ಇಳಿಸಿದ್ದು ಇನ್ನೂ ಮೇಲೆ. ಹೆಬ್ಬೆರಳು ಗಾತ್ರದ ಲೋಟ ನೋಡಿ ಮೋಸ ಹೋಗಬೇಡಿ.

ಮಕ್ಕಳನ್ನೂ ವಯಸ್ಸಾದ ಅತ್ತೆಯವರನ್ನೂ ಕರೆದೊಯ್ಯಬಹುದೇ?

ಅತ್ತೆಯವರ ಮೊಣಕಾಲು ಕೇಳಿ ಹೇಳಿ. ಸಿಗ್ನಾಗಿಯ ಬೀದಿಗಳು ಕಲ್ಲುಹಾಸಿನವು, ಏರು ಇಳಿವು ಬಹಳ. ವೈನ್ ಮನೆಗಳಲ್ಲಿ ಅಂಥ ತೊಂದರೆಯಿಲ್ಲ. ಮಕ್ಕಳು ಸುಗ್ಗಿ ಕಾಲದಲ್ಲಿ ದ್ರಾಕ್ಷಿ ತುಳಿಯುವ ಮರದ ದೋಣಿಗೆ ಇಳಿದರೆ ಮೇಲೆ ಬರುವುದೇ ಇಲ್ಲ, ಬದಲಿ ಬಟ್ಟೆ ಇರಲಿ.

ದಾರಿಯಲ್ಲಿ ಬೋದ್ಬೆ ಕನ್ಯಾಮಠವೋ ತೆಲಾವಿ ಆಚೆಯ ಅಲಾವೆರ್ದಿ ಮಠವೋ ಸಿಗುತ್ತದೆ. ಹೆಂಗಸರು ತಲೆಗೆ ವಸ್ತ್ರ ಹೊದೆಯಬೇಕು, ಗಂಡಸರು ಚಡ್ಡಿಯಲ್ಲಿ ಹೋಗುವಂತಿಲ್ಲ. ಸೀರೆಯ ಸೆರಗು ಸಾಕೇ ಎಂದು ಬಹಳ ಜನ ಕೇಳಿದ್ದಾರೆ, ಧಾರಾಳವಾಗಿ ಸಾಕು. ಹನ್ನೊಂದನೆಯ ಶತಮಾನದ ಅಲಾವೆರ್ದಿಯಲ್ಲಿ ಸನ್ಯಾಸಿಗಳೇ ಇಂದಿಗೂ ಕ್ವೆವ್ರಿಯಲ್ಲಿ ವೈನ್ ಮಾಡುತ್ತಾರೆ. ಮಠಕ್ಕೂ ಮದ್ಯಕ್ಕೂ ಇರುವ ಈ ನಂಟನ್ನು ಅರಗಿಸಿಕೊಳ್ಳಲು ನಮ್ಮ ಗುಂಪಿನ ಹಿರಿಯರೊಬ್ಬರಿಗೆ ಇಡೀ ಸಂಜೆ ಬೇಕಾಯಿತು.

## ಗುಡಾಣದ ಒಳಗೆ

ಮಡಕೆಯಲ್ಲಿ ಹಾಕಿ ಮುಚ್ಚಿಟ್ಟರೆ ವೈನ್ ಆಗಿಬಿಡುತ್ತದೆಯೇ? ಯೀಸ್ಟ್ ಯಾರು ಹಾಕುತ್ತಾರೆ?

ಯಾರೂ ಹಾಕುವುದಿಲ್ಲ. ದ್ರಾಕ್ಷಿಯ ಸಿಪ್ಪೆಯ ಮೇಲೆ, ಮರಾನಿಯ ಗೋಡೆ ನೆಲಗಳಲ್ಲಿ ಯೀಸ್ಟ್ ತಾನೇ ಇರುತ್ತದೆ. ದೋಸೆ ಹಿಟ್ಟಿಗೆ ನಾವು ಏನನ್ನೂ ಬೆರೆಸದಿದ್ದರೂ ರಾತ್ರಿ ಕಳೆದು ಉಬ್ಬುತ್ತದಲ್ಲ, ಹಾಗೆ. ದಾವಣಗೆರೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಖೇತಿಯ ಕ್ರಮದಲ್ಲಿ ರಸದ ಜೊತೆಗೆ ಸಿಪ್ಪೆ, ಬೀಜ, ಹಣ್ಣಾದ ತೊಟ್ಟು ಎಲ್ಲವೂ ಗುಡಾಣಕ್ಕೆ ಇಳಿಯುತ್ತವೆ. ಪಶ್ಚಿಮದ ಇಮೆರೆತಿಯಲ್ಲಿ ಅದರಲ್ಲಿ ಒಂದು ಪಾಲನ್ನು ಮಾತ್ರ ಹಾಕುತ್ತಾರೆ. ಒಂದೆರಡು ದಿನದಲ್ಲಿ ಗುಳುಗುಳು ಶುರುವಾಗಿ ಸಿಪ್ಪೆಯೆಲ್ಲ ಮೇಲೆ ತೇಲಿ ಟೊಪ್ಪಿಯಂತೆ ಕೂರುತ್ತದೆ. ಅದನ್ನು ಹಗಲು ರಾತ್ರಿ ಸೇರಿ ನಾಲ್ಕೈದು ಸಲ ಕೋಲಿನಿಂದ ಕೆಳಗೆ ಒತ್ತಬೇಕು. ಬಿಟ್ಟರೆ ಮೇಲ್ಭಾಗ ವಿನೆಗರ್ ಆಗುತ್ತದೆ. ಹುದುಗು ಕೆಲಸ ಮಾಡುವಾಗ ಶಾಖ ಹುಟ್ಟುತ್ತದೆ, ಶಾಖ ಮಿತಿಮೀರಿದರೆ ಯೀಸ್ಟೇ ಸಾಯುತ್ತದೆ. ಉಕ್ಕಿನ ತೊಟ್ಟಿಗೆ ತಂಪು ಯಂತ್ರ ಬೇಕಾಗುವುದು ಅದಕ್ಕೆ. ಇಲ್ಲಿ ಸುತ್ತಲಿನ ಮಣ್ಣೇ ಶಾಖವನ್ನು ಹೀರಿಕೊಳ್ಳುತ್ತದೆ. ಅಷ್ಟು ಆಳದಲ್ಲಿ 13ರಿಂದ 15 ಡಿಗ್ರಿ.

ಗುಳುಗುಳು ನಿಂತ ಮೇಲೆ ಕಂಠದವರೆಗೆ ತುಂಬಿ, ಕಲ್ಲು ಮುಚ್ಚಿ, ಜೇಡಿ ಮೆತ್ತಿ ಐದಾರು ತಿಂಗಳು ಬಿಡುತ್ತಾರೆ. ಗುಡಾಣದ ತಳ ಮೊಟ್ಟೆಯ ತುದಿಯಂತೆ ಚೂಪಾಗಿರುವುದು ಸುಮ್ಮನೆ ಅಲ್ಲ. ಬೀಜಗಳು ಮೊದಲು ಇಳಿದು ಆ ಮೂಲೆ ಸೇರುತ್ತವೆ, ಅವುಗಳ ಮೇಲೆ ಸಿಪ್ಪೆ, ಗಷ್ಟು ಮುಚ್ಚಿಕೊಳ್ಳುತ್ತದೆ. ಬೀಜದ ಕಹಿ ವೈನಿಗೆ ಹೆಚ್ಚು ಇಳಿಯುವುದಿಲ್ಲ.

ಒಂದು ಕಟ್ಟೆಚ್ಚರಿಕೆ. ಹುದುಗುವ ಗುಡಾಣದೊಳಗೆ ತಲೆ ತೂರಿಸಿ ಫೋಟೊ ತೆಗೆಯಬೇಡಿ. ಅಲ್ಲಿ ತುಂಬಿರುವುದು ಇಂಗಾಲದ ಡೈಆಕ್ಸೈಡ್. ಹಗೇವು ತೆರೆದ ತಕ್ಷಣ ಇಳಿಯಬಾರದೆಂದೂ ಮೊದಲು ದೀಪ ಇಳಿಸಿ ನೋಡಬೇಕೆಂದೂ ನಮ್ಮ ಅಜ್ಜಂದಿರು ಹೇಳುತ್ತಿದ್ದದ್ದು ಇದೇ ಗಾಳಿಯ ಭಯದಿಂದ.

ಬಿಳಿ ವೈನ್ ಕೇಳಿದರೆ ಜೇನುತುಪ್ಪದ ಬಣ್ಣದ್ದು ಕೊಟ್ಟರು. ಹಳಸಿದ್ದೇ?

ಹಳಸಿಲ್ಲ. ಬೇರೆ ಕಡೆ ಬಿಳಿ ದ್ರಾಕ್ಷಿಯ ರಸ ಹಿಂಡಿದ ಕೂಡಲೇ ಸಿಪ್ಪೆ ಬೇರ್ಪಡಿಸುತ್ತಾರೆ, ಇಲ್ಲಿ ಆರು ತಿಂಗಳು ಜೊತೆಯಲ್ಲೇ ಇಡುತ್ತಾರೆ. ಅದರಿಂದ ಬರುವುದು ಈ ಬಣ್ಣವೂ ಚಹಾದಂಥ ಒಗರೂ. ಅಂಬರ್ ವೈನ್ ಎಂದು ಇದನ್ನು ಕರೆಯುತ್ತಾರೆ. ರ್‌ಕಾತ್ಸಿತೆಲಿ, ಕಿಸಿ ತಳಿಗಳು ಇದಕ್ಕೆ ಹೆಸರಾದವು. ಕೆಂಪಿಗೆ ಸಪೆರಾವಿ, ಹೆಸರಿನ ಅರ್ಥವೇ ‘ಬಣ್ಣ ಹಚ್ಚುವುದು’, ಏಕೆಂದರೆ ಅದರ ತಿರುಳೂ ಕೆಂಪು. ದೇಶದ ಸ್ವಂತ ದ್ರಾಕ್ಷಿ ತಳಿಗಳು ಐನೂರಕ್ಕೂ ಹೆಚ್ಚು.

ಮೊದಲ ಗುಟುಕು ನನಗೂ ಹಿಡಿಸಲಿಲ್ಲ. ಊಟದೊಡನೆ, ಆಕ್ರೋಟಿನ ಜಿಡ್ಡಿನ ಮೇಲೆ ಕುಡಿದಾಗ ಒಗರಿನ ಕೆಲಸ ತಿಳಿಯಿತು.

ಮಣ್ಣಿನ ಮಡಕೆಯನ್ನು ಹೂತ ಮೇಲೆ ತೊಳೆಯುವುದು ಹೇಗೆ?

ಈ ಪ್ರಶ್ನೆಯನ್ನು ಕೇಳುವವರು ಹೆಂಗಸರು ಮಾತ್ರ. ಗಂಡಸರು ಕೇಳುವುದು “ಎಷ್ಟು ಲೀಟರ್ ಹಿಡಿಯುತ್ತದೆ?” (ಇಪ್ಪತ್ತು ಲೀಟರಿನ ಕುಡಿಕೆಯಿಂದ ಸಾವಿರಾರು ಲೀಟರಿನ ಗುಡಾಣದವರೆಗೂ ಇವೆ.) ಇಡೀ ಪದ್ಧತಿಯ ಗುಟ್ಟು ಇರುವುದು ತೊಳೆಯುವುದರಲ್ಲಿ ಎಂದು ನಾನು ನಂಬಿದ್ದೇನೆ.

ಗುಡಾಣ ಸುಟ್ಟು ಇನ್ನೂ ಬಿಸಿಯಿರುವಾಗಲೇ ಒಳಗೆ ಜೇನುಮೇಣ ಸವರುತ್ತಾರೆ. ಅದು ದೊಡ್ಡ ರಂಧ್ರಗಳನ್ನು ತುಂಬುತ್ತದೆ; ಆದರೂ ಮಣ್ಣು ಮಣ್ಣೇ, ಸ್ವಲ್ಪ ಉಸಿರಾಡುತ್ತದೆ. ಹಿಂದಿನ ವರ್ಷದ ಒಂದು ಚೂರು ಗಷ್ಟು ಉಳಿದರೂ ಅಲ್ಲಿ ಬೂಷ್ಟು ಹಿಡಿದು ಮುಂದಿನ ವರ್ಷದ್ದೆಲ್ಲ ಕೆಡುತ್ತದೆ. ಆದ್ದರಿಂದ ಗುಡಾಣ ಬರಿದಾದ ದಿನವೇ ತೊಳೆಯಲು ಕೂರುತ್ತಾರೆ. ದೊಡ್ಡದಾದರೆ ಮನುಷ್ಯನೇ ಒಳಗಿಳಿಯುತ್ತಾನೆ. ಸಣ್ಣದಕ್ಕೆ ಉದ್ದ ಕೋಲಿನ ತುದಿಗೆ ಚೆರ್ರಿ ಮರದ ತೊಗಟೆಯ ಬಿಲ್ಲೆಗಳನ್ನು ಪೋಣಿಸಿದ ಉಜ್ಜುಕ. ಒಂದು ಜಾತಿಯ ಹಳದಿ ಹೂವಿನ ಗಿಡವನ್ನು ಕಟ್ಟಿದ ಪೊರಕೆಯೂ ಇದೆ. ಸುಣ್ಣದ ನೀರು, ಬಿಸಿನೀರು, ತಣ್ಣೀರು, ಮತ್ತೆ ಉಜ್ಜು, ಮತ್ತೆ ನೀರು. ಕೊನೆಗೆ ಗಂಧಕದ ಬತ್ತಿ ಉರಿಸಿ ಹೊಗೆ ಕೊಡುವವರೂ ಇದ್ದಾರೆ. ತೊಳೆದ ನೀರನ್ನು ಎತ್ತಲು ಬಳಸುವುದು ಕೋಲಿಗೆ ಕಟ್ಟಿದ ಒಣ ಸೋರೆಬುರುಡೆ, ‘ಓರ್ಷಿಮೊ’. ಆ ನೀರನ್ನು ಕುಡಿಯಬಹುದು ಎನ್ನುವಷ್ಟು ತಿಳಿಯಾಗುವ ತನಕ ತೊಳೆಯಬೇಕು ಎನ್ನುತ್ತಾರೆ.

ನಾನು ನೋಡಿದ ಮನೆಯಲ್ಲಿ ಒಬ್ಬ ಮುದುಕ ಬೆಳಗಿನಿಂದ ಒಂದೇ ಗುಡಾಣದ ಮುಂದೆ ಮೊಣಕಾಲೂರಿದ್ದ. ಮಧ್ಯಾಹ್ನ ನಾವು ಹೊರಟಾಗಲೂ ಮುಗಿದಿರಲಿಲ್ಲ. ‘ಏನನ್ನೂ ಸೇರಿಸದ ವೈನ್’ ಎಂದು ಬಾಟಲಿಯ ಚೀಟಿಯಲ್ಲಿ ಬರೆದದ್ದರ ಬೆಲೆ ಅಲ್ಲಿ ಕಣ್ಣಿಗೆ ಕಾಣುತ್ತಿತ್ತು.

ಸಾವಯವ ಎಂದು ಎಲ್ಲರೂ ಹೇಳಿಕೊಳ್ಳುತ್ತಾರೆ. ನಂಬುವುದು ಹೇಗೆ?

ಚನ್ನಗಿರಿಯ ಅಡಿಕೆ ಬೆಳೆಗಾರರೊಬ್ಬರು ಕಾಗದದಲ್ಲಿ ಕೇಳಿದ ಪ್ರಶ್ನೆಯಿದು. ಅವರಿಗೆ ಕೊಟ್ಟ ಉತ್ತರವನ್ನೇ ಇಲ್ಲಿ ಹಿಗ್ಗಿಸಿದ್ದೇನೆ.

ಮೊದಲು, ಕ್ವೆವ್ರಿಯಲ್ಲಿ ಮಾಡಿದ್ದೆಲ್ಲ ಸಾವಯವವಲ್ಲ. ಮಡಕೆ ಎನ್ನುವುದು ಪಾತ್ರೆ. ದ್ರಾಕ್ಷಿಗೆ ಏನು ಸಿಂಪಡಿಸಿದರೆಂಬುದು ಬೇರೆಯೇ ಲೆಕ್ಕ. ಎರಡನೆಯದು, ಸಾವಯವವೆಂದರೆ ಏನನ್ನೂ ಸಿಂಪಡಿಸುವುದಿಲ್ಲವೆಂದಲ್ಲ. ದ್ರಾಕ್ಷಿಗೆ ಬೂದಿ ರೋಗ, ಬೂಜು ತುಪ್ಪಟ ರೋಗ ಅಲ್ಲಿಯೂ ಬರುತ್ತವೆ. ಮೊದಲನೆಯದಕ್ಕೆ ಗಂಧಕ, ಎರಡನೆಯದಕ್ಕೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ. ಹೌದು, ಮಳೆಗಾಲದಲ್ಲಿ ನೀವು ಅಡಿಕೆ ಗೊನೆಗೆ ಕೊಳೆ ರೋಗ ಬಾರದಂತೆ ಹೊಡೆಸುವ ಅದೇ ದ್ರಾವಣ. ಹುಟ್ಟಿದ್ದು ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ. ಸಾವಯವ ನಿಯಮ ಇವನ್ನು ಒಪ್ಪುತ್ತದೆ, ಆದರೆ ತಾಮ್ರ ಮಣ್ಣಿನಲ್ಲಿ ಉಳಿಯುವುದರಿಂದ ಮಿತಿ ಹಾಕುತ್ತದೆ. ಯುರೋಪಿನ ನಿಯಮದಂತೆ ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕಿಲೊ ತಾಮ್ರ, ಅದಕ್ಕಿಂತ ಹೆಚ್ಚಿಲ್ಲ.

ಹಸಿರೆಲೆಯ ಯುರೋಪಿಯನ್ ಮುದ್ರೆ ಇದ್ದರೆ ತಪಾಸಣೆ ನಡೆದಿದೆಯೆಂದು ಅರ್ಥ. ಆದರೆ ಒಂದೆರಡು ಎಕರೆಯ ಮನೆಗಳಿಗೆ ಆ ಪ್ರಮಾಣಪತ್ರದ ಖರ್ಚು ದುಬಾರಿ, ಅನೇಕರು ಮಾಡಿಸುವುದಿಲ್ಲ. ಅಂಥ ಕಡೆ ನಾನು ಮರಾನಿಗಿಂತ ಮೊದಲು ತೋಟ ತೋರಿಸಲು ಕೇಳುತ್ತೇನೆ. ಸಾಲುಗಳ ನಡುವೆ ಹುಲ್ಲು, ಹೂ, ಕಾಳಿನ ಗಿಡ ಇದೆಯೇ, ಅಥವಾ ಕಳೆನಾಶಕ ಬಿದ್ದು ಕಂದು ಬಣ್ಣಕ್ಕೆ ಸುಟ್ಟಿದೆಯೇ? ಕಳೆದ ವರ್ಷ ಎಷ್ಟು ಸಲ ಸಿಂಪಡಿಸಿದಿರಿ ಎಂದು ಕೇಳಿ. “ಒಮ್ಮೆಯೂ ಇಲ್ಲ” ಎಂದವರಿಗಿಂತ “ಮಳೆ ಹೆಚ್ಚಿತ್ತು, ಏಳು ಸಲ” ಎಂದವರನ್ನು ನಾನು ನಂಬುತ್ತೇನೆ. ತೋಟ ದೂರ, ಇವತ್ತು ಆಗುವುದಿಲ್ಲ ಎಂದರೆ ಊಟ ಮಾಡಿ, ಬಾಟಲಿ ಕೊಳ್ಳದೆ ಬನ್ನಿ.

ಸಾವಯವ ವೈನ್ ಕುಡಿದರೆ ತಲೆನೋವು ಬರುವುದಿಲ್ಲವಂತೆ, ಆರೋಗ್ಯಕ್ಕೂ ಒಳ್ಳೆಯದಂತೆ?

ಮಾರುವವರ ಮಾತು. ವೈನ್ ಕೆಡದಿರಲೆಂದು ಹಾಕುವ ಸಲ್ಫೈಟ್ ಕಡಿಮೆ ಇರುತ್ತದೆ, ಅದು ನಿಜ: ಯುರೋಪಿನಲ್ಲಿ ಸಾಮಾನ್ಯ ಕೆಂಪು ವೈನಿಗೆ ಲೀಟರಿಗೆ 150 ಮಿಲಿಗ್ರಾಂ ಮಿತಿಯಿದ್ದರೆ ಸಾವಯವಕ್ಕೆ 100. ಸಲ್ಫೈಟಿಗೆ ಉಬ್ಬಸ ಕೆರಳುವವರಿಗೆ ಈ ವ್ಯತ್ಯಾಸ ಮುಖ್ಯ. ಆದರೆ ಯೀಸ್ಟ್ ತಾನೇ ಸ್ವಲ್ಪ ಸಲ್ಫೈಟ್ ಹುಟ್ಟಿಸುತ್ತದೆ, ಸೊನ್ನೆ ಎಂಬುದಿಲ್ಲ. ಮದ್ಯಸಾರವಂತೂ ಅಷ್ಟೇ ಇರುತ್ತದೆ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿ ಇಟ್ಟಿದೆ. ಔಷಧವೆಂದು ಯಾರೂ ಕುಡಿಯಬೇಡಿ, ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ರುಚಿಯನ್ನೂ ನೋಡಬೇಡಿ.

ಎಂಟು ಸಾವಿರ ವರ್ಷ ಎನ್ನುತ್ತಾರೆ. ನಡುವೆ ಎಲ್ಲೂ ನಿಲ್ಲಲಿಲ್ಲವೇ?

ನಿಲ್ಲುವ ಹಂತಕ್ಕೆ ಬಂದಿತ್ತು. ಸೋವಿಯತ್ ಕಾಲದಲ್ಲಿ ಕಾರ್ಖಾನೆಗಳಿಗೆ ಬೇಕಾದದ್ದು ಪ್ರಮಾಣ. ಕೆಲವೇ ತಳಿ, ದೊಡ್ಡ ತೊಟ್ಟಿ. ಕ್ವೆವ್ರಿ ಉಳಿದದ್ದು ಮನೆಯ ಹಿತ್ತಲುಗಳಲ್ಲಿ, ಮನೆಖರ್ಚಿನ ವೈನಿಗಾಗಿ. 1985ರಲ್ಲಿ ಗೋರ್ಬಚೇವ್ ಅವರ ಮದ್ಯವಿರೋಧಿ ಅಭಿಯಾನದಲ್ಲಿ ಬಳ್ಳಿಗಳನ್ನೇ ಕಿತ್ತರು. 2006ರಲ್ಲಿ ರಷ್ಯಾ ಜಾರ್ಜಿಯಾದ ವೈನ್ ಆಮದನ್ನು ನಿಷೇಧಿಸಿತು. ದೊಡ್ಡ ಗಿರಾಕಿ ಕೈಬಿಟ್ಟ ಮೇಲೆ ಬೇರೆ ದೇಶಗಳ ಕಡೆ ನೋಡಬೇಕಾಯಿತು. ಅಲ್ಲಿಯವರಿಗೆ ಬೇಕಾದದ್ದು ಹಿತ್ತಲಿನ ಗುಡಾಣದ್ದೇ ಆಗಿತ್ತು. ನಿಷೇಧ 2013ರಲ್ಲಿ ತೆರವಾಯಿತು.

## ಮರಳಿದ ಮೇಲೆ

ಎಷ್ಟು ಬಾಟಲಿ ತರಬಹುದು?

ಭಾರತಕ್ಕೆ ಬರುವ ವಯಸ್ಕ ಪ್ರಯಾಣಿಕರು ಸುಂಕವಿಲ್ಲದೆ ಎರಡು ಲೀಟರ್ ತರಬಹುದು, ಅಂದರೆ 750 ಮಿಲಿಲೀಟರಿನ ಎರಡು ಬಾಟಲಿ ಆರಾಮಾಗಿ. ಕೈಚೀಲದಲ್ಲಿ ಬೇಡ, ದೊಡ್ಡ ಪೆಟ್ಟಿಗೆಯಲ್ಲಿ ಬಟ್ಟೆಯ ನಡುವೆ ಸುತ್ತಿಡಿ. ಲೇಬಲ್ ಇಲ್ಲದ ಪ್ಲಾಸ್ಟಿಕ್ ಬಾಟಲಿಯಲ್ಲಿ ಪ್ರೀತಿಯಿಂದ ತುಂಬಿಕೊಡುತ್ತಾರೆ. ಅದನ್ನು ಟಿಬಿಲಿಸಿಯಲ್ಲೇ ಯಾರಿಗಾದರೂ ಕೊಟ್ಟು ಬನ್ನಿ.

ನಮ್ಮ ತೋಟದಲ್ಲೂ ಒಂದು ಗುಡಾಣ ಹೂತು ಮಾಡಬಾರದೇಕೆ?

ಪರವಾನಗಿ ಇಲ್ಲದೆ ಮಾಡಿದರೆ ಅಬಕಾರಿ ಇಲಾಖೆಯವರು ಬರುತ್ತಾರೆ, ಇದು ಮೊದಲ ಉತ್ತರ. ಎರಡನೆಯದು ನೆಲದ್ದು. ಕಖೇತಿಯ ಮಣ್ಣಿನ ಆಳದ ತಂಪಿಗೆ ಅಲ್ಲಿಯ ಚಳಿಗಾಲ ಕಾರಣ. ನಮ್ಮ ಬೋರ್‌ವೆಲ್ ನೀರು ಡಿಸೆಂಬರ್ ಬೆಳಗ್ಗೆಯೂ ಬೆಚ್ಚಗೆ ಬರುತ್ತದಲ್ಲ, ನಮ್ಮ ನೆಲದಾಳ ಅಷ್ಟು ಬಿಸಿ. ಆರು ತಿಂಗಳಲ್ಲಿ ಸಿಗುವುದು ಒಳ್ಳೆಯ ವಿನೆಗರ್.

ಮಾಡಲೇಬೇಕೆಂದರೆ ಚುರ್ಚ್‌ಖೇಲ ಮಾಡಿ, ಅದರಲ್ಲಿ ಮದ್ಯವಿಲ್ಲ. ಆಕ್ರೋಟಿನ ಚೂರುಗಳನ್ನು ದಾರಕ್ಕೆ ಪೋಣಿಸಿ, ಹಿಟ್ಟು ಹಾಕಿ ಗಟ್ಟಿಯಾಗಿ ಕುದಿಸಿದ ದ್ರಾಕ್ಷಿ ರಸದಲ್ಲಿ ಅದ್ದಿ ಅದ್ದಿ ತೆಗೆದು ನೇತುಹಾಕುವುದು. ನೋಡಲು ಊದಾ ಬಣ್ಣದ ಮೇಣದಬತ್ತಿಯಂತಿರುತ್ತದೆ. ಕಳೆದ ಫೆಬ್ರುವರಿಯಲ್ಲಿ ಗಡಿಯಾರ ಕಂಬದ ಹತ್ತಿರ ನಾಲ್ಕು ಕಿಲೊ ಕಪ್ಪು ದ್ರಾಕ್ಷಿ ತಂದು, ಆಕ್ರೋಟಿನ ಜೊತೆ ಒಂದು ಸಾಲು ಶೇಂಗಾವನ್ನೂ ಪೋಣಿಸಿ ಬಾಲ್ಕನಿಯಲ್ಲಿ ಕಟ್ಟಿದೆ. ಮಾರನೆಯ ಬೆಳಗ್ಗೆ ದಾರ ಕಪ್ಪಗೆ ಹರಿದಾಡುತ್ತಿತ್ತು, ಕಟ್ಟಿರುವೆ. ಈ ವರ್ಷ ಕೊಕ್ಕೆಗೆ ಬೇವಿನೆಣ್ಣೆ ಸವರಿದ್ದೇನೆ. ಇವತ್ತಿಗೆ ಆರನೆಯ ದಿನ, ಇನ್ನೂ ಒಂದೂ ಬಂದಿಲ್ಲ.